ಶ್ರೀಗ್ರಂಥ, ಪ್ರಾರ್ಥನೆ, ದಿನನಿತ್ಯದ ಬದುಕು: ಕಥೋಲಿಕ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಧರ್ಮಕೇಂದ್ರದ ಬೈಬಲ್ ಕೂಟದಲ್ಲಿ, ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ, ಮದುವೆಗೆ ಸಿದ್ಧರಾಗುತ್ತಿರುವ ಯುವಕ ಯುವತಿಯರ ತರಗತಿಗಳಲ್ಲಿ ಹಲವು ವರ್ಷಗಳಿಂದ ಕೇಳಿಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಉತ್ತರ ಬರೆಯುತ್ತಿರುವವನು ಗುರುವಲ್ಲ, ದೇವಶಾಸ್ತ್ರದ ಪಂಡಿತನೂ ಅಲ್ಲ. ಕೂಟ ನಡೆಸುವ ಒಬ್ಬ ಗೃಹಸ್ಥ. ಆದ್ದರಿಂದ ಧರ್ಮಸಭೆಯ ಬೋಧನೆ ಯಾವುದು, ನನ್ನ ಸ್ವಂತ ಅನಿಸಿಕೆ ಯಾವುದು ಎಂಬುದು ಓದುವವರಿಗೆ ಗೊತ್ತಾಗುವಂತೆ ಬರೆಯಲು ಯತ್ನಿಸಿದ್ದೇನೆ.

ಬೈಬಲನ್ನು ಮೊದಲ ಪುಟದಿಂದ ಓದಲು ಆರಂಭಿಸಬೇಕೇ?

ಆರಂಭಿಸಬಹುದು, ಆದರೆ ಹಾಗೆ ಆರಂಭಿಸಿದವರಲ್ಲಿ ಹೆಚ್ಚಿನವರು ಮೂರನೆಯ ಪುಸ್ತಕವಾದ ಯಾಜಕಕಾಂಡದ ಹೊತ್ತಿಗೆ ಕೈಬಿಡುವುದನ್ನು ಕಂಡಿದ್ದೇನೆ. ಆದಿಕಾಂಡದ ಕತೆಗಳೂ ವಿಮೋಚನಾಕಾಂಡದ ಮೊದಲರ್ಧವೂ ಸರಾಗವಾಗಿ ಸಾಗುತ್ತವೆ. ಗುಡಾರದ ಅಳತೆ, ಬಲಿಪ್ರಾಣಿಯ ಕೊಬ್ಬು, ಚರ್ಮರೋಗದ ನಿಯಮಗಳು ಬಂದೊಡನೆ ಪುಸ್ತಕ ಮತ್ತೆ ಕಪಾಟು ಸೇರುತ್ತದೆ.

ನಮ್ಮ ಸಂಪ್ರದಾಯದಲ್ಲಿ ಇದಕ್ಕಿಂತ ಒಳ್ಳೆಯ ದಾರಿಯೊಂದು ಆಗಲೇ ಸಿದ್ಧವಾಗಿದೆ. ಜಗತ್ತಿನ ಕಥೋಲಿಕ ಧರ್ಮಾಧ್ಯಕ್ಷರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯ ಆಶಯದಂತೆ 1969ರಲ್ಲಿ ಬಲಿಪೂಜೆಯ ವಾಚನಗಳನ್ನು ಹೊಸದಾಗಿ ಜೋಡಿಸಿದಾಗ, ಭಾನುವಾರಗಳಿಗೆ ಮೂರು ವರ್ಷಗಳ ಸುತ್ತನ್ನು ರೂಪಿಸಲಾಯಿತು: ಯೇಸುಸ್ವಾಮಿಯ ಬದುಕನ್ನು ಹೇಳುವ ನಾಲ್ಕು ಶುಭಸಂದೇಶಗಳಲ್ಲಿ ಒಂದು ವರ್ಷ ಮತ್ತಾಯನದು, ಒಂದು ವರ್ಷ ಮಾರ್ಕನದು, ಒಂದು ವರ್ಷ ಲೂಕನದು. ಯೊವಾನ್ನನ ಶುಭಸಂದೇಶಕ್ಕೆ ಪ್ರತ್ಯೇಕ ವರ್ಷವಿಲ್ಲದಿದ್ದರೂ ತಪಸ್ಸುಕಾಲದಲ್ಲಿ (ಈಸ್ಟರಿಗೆ ಮುಂಚಿನ ವಾರಗಳು), ಪಾಸ್ಖಕಾಲದಲ್ಲಿ (ಈಸ್ಟರಿನಿಂದ ಮುಂದಿನ ವಾರಗಳು) ಹೆಚ್ಚಾಗಿ ಕೇಳುವುದು ಅದನ್ನೇ. ಹಳೆಯ ಒಡಂಬಡಿಕೆಯ ಮೊದಲ ವಾಚನವನ್ನು ಬಹುತೇಕ ಭಾನುವಾರಗಳಲ್ಲಿ ಶುಭಸಂದೇಶಕ್ಕೆ ಹೊಂದುವಂತೆ ಆರಿಸಿರುತ್ತಾರೆ. ಎರಡನ್ನೂ ಹೊಂದಿಸುವ ಎಳೆ ಯಾವುದೆಂದು ಹುಡುಕುವುದೇ ಒಳ್ಳೆಯ ಅಭ್ಯಾಸ. 2025ರ ನವೆಂಬರ್ 30ರಂದು, ಕ್ರಿಸ್ಮಸ್ಸಿಗೆ ಸಿದ್ಧರಾಗುವ ಆಗಮನ ಕಾಲದ ಮೊದಲ ಭಾನುವಾರ, ಮತ್ತಾಯನ ವರ್ಷ ಆರಂಭವಾಯಿತು. ಬೆಳ್ತಂಗಡಿ, ಭದ್ರಾವತಿ, ಮಂಡ್ಯದ ಸಿರೋ ಮಲಬಾರ್ (ಕೇರಳ ಮೂಲದ, ತನ್ನದೇ ಪೂಜಾಕ್ರಮವಿರುವ ಕಥೋಲಿಕ ಪಂಗಡ) ಧರ್ಮಪ್ರಾಂತ್ಯಗಳಿಗೆ ಸೇರಿದವರ ವಾಚನಕ್ರಮ ಬೇರೆ. ಅವರು ತಮ್ಮ ದೇವಾಲಯದ ಪಂಚಾಂಗವನ್ನೇ ನೋಡಿಕೊಳ್ಳಬೇಕು.

ನನ್ನ ಸಲಹೆ ಇಷ್ಟೆ: ಗುರುವಾರ ಸಂಜೆ, ಬರುವ ಭಾನುವಾರದ ಶುಭಸಂದೇಶವನ್ನು ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ. ಭಾನುವಾರ ಅದೇ ಭಾಗವನ್ನು ದೇವಾಲಯದಲ್ಲಿ ಕೇಳಿದಾಗ ಅದು ಪರಿಚಿತ ದನಿಯಾಗಿರುತ್ತದೆ, ಪ್ರಬೋಧನೆ ಸಪ್ಪೆಯಾಗಿದ್ದರೂ ವಾರ ಬರಿದಾಗುವುದಿಲ್ಲ.

ನಮ್ಮ ಬೈಬಲಿನಲ್ಲಿ 73 ಪುಸ್ತಕಗಳು, ಪಕ್ಕದ ಮನೆಯ ಪ್ರೊಟೆಸ್ಟೆಂಟ್ ಕುಟುಂಬದ ಬೈಬಲಿನಲ್ಲಿ 66. ಯಾಕೆ?

ಹೊಸ ಒಡಂಬಡಿಕೆಯ 27 ಪುಸ್ತಕಗಳಲ್ಲಿ ಯಾವ ವ್ಯತ್ಯಾಸವೂ ಇಲ್ಲ. ವ್ಯತ್ಯಾಸವಿರುವುದು ಹಳೆಯ ಒಡಂಬಡಿಕೆಯಲ್ಲಿ: ತೊಬೀತ, ಯೂದಿತ, ಜ್ಞಾನಗ್ರಂಥ, ಸಿರಾಖ, ಬಾರೂಕ, ಮಕ್ಕಬಿಯರ ಎರಡು ಪುಸ್ತಕಗಳು, ಜೊತೆಗೆ ದಾನಿಯೇಲ ಮತ್ತು ಎಸ್ತೇರಳ ಪುಸ್ತಕಗಳ ಕೆಲವು ಭಾಗಗಳು. ಇವು ಆದಿಕ್ರೈಸ್ತರು ಬಳಸುತ್ತಿದ್ದ ಗ್ರೀಕ್ ಅನುವಾದದ ಹಳೆಯ ಒಡಂಬಡಿಕೆಯಲ್ಲಿದ್ದವು, ಹೀಬ್ರೂ ಪಟ್ಟಿಯಲ್ಲಿ ಇರಲಿಲ್ಲ. ಹದಿನಾರನೆಯ ಶತಮಾನದ ಪ್ರೊಟೆಸ್ಟೆಂಟ್ ಸುಧಾರಕರು ಹೀಬ್ರೂ ಪಟ್ಟಿಯನ್ನು ಒಪ್ಪಿದರು. ಕಥೋಲಿಕ ಧರ್ಮಸಭೆಯ ಟ್ರೆಂಟ್ ಮಹಾಸಭೆ 1546ರ ಏಪ್ರಿಲ್ 8ರಂದು ಈ ಪುಸ್ತಕಗಳೂ ಶ್ರೀಗ್ರಂಥವೇ ಎಂದು ದೃಢಪಡಿಸಿತು.

ಇದನ್ನು ವಾದಕ್ಕೆ ಬಳಸುವುದಕ್ಕಿಂತ ಆ ಪುಸ್ತಕಗಳನ್ನು ಓದುವುದು ಮೇಲು. ನವದಂಪತಿಗಳಾದ ತೊಬಿಯಾಸ ಮತ್ತು ಸಾರಾ ಮದುವೆಯ ರಾತ್ರಿ ಎದ್ದು ನಿಂತು ಒಟ್ಟಿಗೆ ಮಾಡುವ ಪ್ರಾರ್ಥನೆ ತೊಬೀತನ ಪುಸ್ತಕದ ಎಂಟನೆಯ ಅಧ್ಯಾಯದಲ್ಲಿದೆ. ವಿವಾಹದ ಬಲಿಪೂಜೆಗೆ ಆರಿಸಿಕೊಳ್ಳಬಹುದಾದ ವಾಚನಗಳಲ್ಲಿ ಅದೂ ಒಂದು. ನವೆಂಬರಿನಲ್ಲಿ ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚಿ ಮೃತರಿಗಾಗಿ ಪ್ರಾರ್ಥಿಸುವ ನಮಗೆ, ಸತ್ತವರಿಗಾಗಿ ಪ್ರಾರ್ಥಿಸುವ ಮಾತಿರುವ ಮಕ್ಕಬಿಯರ ಎರಡನೇ ಪುಸ್ತಕದ ಹನ್ನೆರಡನೆಯ ಅಧ್ಯಾಯ ಗೊತ್ತಿರಬೇಕು.

ಓದಿದ್ದನ್ನು ಧ್ಯಾನಿಸುವುದು ಹೇಗೆ? ಎರಡು ನಿಮಿಷದಲ್ಲಿ ಓದಿ ಮುಗಿಯುತ್ತದೆ, ಆಮೇಲೆ ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಈ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವೆಂದು ನನಗೆ ಅನಿಸಿದೆ, ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಹನ್ನೆರಡನೆಯ ಶತಮಾನದಲ್ಲಿ ಫ್ರಾನ್ಸಿನ ಕಾರ್ತೂಸಿಯನ್ ಮಠದ ಎರಡನೇ ಗೀಗೊ ಎಂಬ ಸನ್ಯಾಸಿ, ಹಳೆಯ ಮಠಗಳ ಓದಿನ ಕ್ರಮವನ್ನು ಏಣಿಯ ನಾಲ್ಕು ಮೆಟ್ಟಿಲುಗಳಾಗಿ ವಿವರಿಸಿದರು: ಓದು, ಮನನ, ಪ್ರಾರ್ಥನೆ, ಧ್ಯಾನ. ಲೆಕ್ಸಿಯೊ ದಿವಿನಾ ಎಂದು ಇಂದು ಧ್ಯಾನಕೂಟಗಳಲ್ಲಿ ಕಲಿಸುವುದು ಇದನ್ನೇ. ಶ್ರವಣ, ಮನನ, ನಿದಿಧ್ಯಾಸನ ಎಂಬ ಮಾತು ಕಿವಿಗೆ ಬಿದ್ದಿರುವ ನಾಡಿನವರಿಗೆ ಇದು ತೀರ ಹೊಸದೇನಲ್ಲ. ಆದರೆ ಮೂರನೆಯ ಮೆಟ್ಟಿಲಿನಲ್ಲಿ ವ್ಯತ್ಯಾಸವಿದೆ. ಇಲ್ಲಿ ಓದುವವನು ತನ್ನೊಳಗೆ ಇಳಿಯುವ ಮುನ್ನ, ತನ್ನೊಡನೆ ಮಾತಾಡಿದವರಿಗೆ ಮರುಮಾತು ಹೇಳಬೇಕಾಗುತ್ತದೆ. ದೂರಾದರೂ ಸರಿ, ಅಳುವಾದರೂ ಸರಿ, ಬರಿಯ ಒಂದು ಧನ್ಯವಾದವಾದರೂ ಸರಿ.

ಒಂದು ಉದಾಹರಣೆ ನೋಡೋಣ. ಯೇಸುಸ್ವಾಮಿ ಬಿರುಗಾಳಿಯನ್ನು ಶಾಂತಗೊಳಿಸಿದ ಪ್ರಸಂಗ ಮತ್ತಾಯ, ಮಾರ್ಕ, ಲೂಕ ಮೂವರಲ್ಲೂ ಇದೆ. ಮಾರ್ಕನದನ್ನು (4:35-41) ನಿಧಾನವಾಗಿ, ಎರಡು ಸಲ ಓದಿ. ಉಳಿದಿಬ್ಬರು ಹೇಳದ ಸಣ್ಣ ಸಣ್ಣ ವಿವರಗಳು ಅಲ್ಲಿವೆ: ಅವರ ದೋಣಿಯ ಜೊತೆಗೆ ಬೇರೆ ದೋಣಿಗಳೂ ಇದ್ದವು, ಯೇಸು ದೋಣಿಯ ಹಿಂಭಾಗದಲ್ಲಿ, ದಿಂಬಿಗೆ ತಲೆಕೊಟ್ಟು ನಿದ್ರಿಸುತ್ತಿದ್ದರು. ನಮ್ಮ ಕೂಟದಲ್ಲಿ ಇದನ್ನು ಓದಿದ ದಿನ ಯಾರೋ ಒಬ್ಬರು ದಿಂಬಿನ ಮಾತೆತ್ತಿದರು, ಎಲ್ಲರೂ ನಕ್ಕೆವು. ಹೊನ್ನಾವರ ಕಡೆಯ ಮೀನುಗಾರ ಮನೆತನದ ಹಿರಿಯಮ್ಮ ಒಬ್ಬರು ಮಾತ್ರ ನಗಲಿಲ್ಲ. "ದೋಣಿಯ ಹಿಂಬದಿ ಅಂದರೆ ಚುಕ್ಕಾಣಿ ಹಿಡಿಯುವ ಜಾಗ ಅಲ್ಲವಾ? ಅಲ್ಲೇ ಮಲಗಿದ್ದರಾ?" ಎಂದು ಕೇಳಿದರು. ಅಷ್ಟು ವರ್ಷ ಆ ಭಾಗವನ್ನು ಓದಿದ ನನಗೆ, ಓದಿಸಿದ ನನಗೆ, ಅದು ಹೊಳೆದಿರಲಿಲ್ಲ. ದೋಣಿ ನಡೆಸುವ ಜಾಗದಲ್ಲೇ ಇದ್ದಾರೆ, ಆದರೆ ನಿದ್ರೆಯಲ್ಲಿದ್ದಾರೆ. ಆ ಮೇಲೆ ಶಿಷ್ಯರ ಕೂಗು, "ನಾವು ಮುಳುಗಿಹೋಗುತ್ತಿದ್ದೇವೆ, ನಿಮಗೆ ಚಿಂತೆಯಿಲ್ಲವೇ" ಎಂಬ ಅವರ ಪ್ರಶ್ನೆ, ಬೇರೆಯೇ ರೀತಿಯಲ್ಲಿ ಕೇಳಿಸಿತು. ಹಿರಿಯಮ್ಮ ಅಂದು ಮಾಡಿದ್ದು ಮೊದಲ ಮೆಟ್ಟಿಲಿನ ಕೆಲಸ, ಅಂದರೆ ಬರೆದದ್ದನ್ನು ಬರೆದ ಹಾಗೆ ನೋಡುವುದು. ಎರಡನೆಯದು, ನನ್ನ ಮನೆಯಲ್ಲಿ, ನನ್ನ ಸಾಲದಲ್ಲಿ, ನನ್ನ ಮಗನ ಕಾಯಿಲೆಯಲ್ಲಿ ದೇವರು ಹೀಗೆ ನಿದ್ರಿಸುತ್ತಿರುವಂತೆ ಯಾವಾಗ ಅನಿಸಿತು ಎಂದು ಕೇಳಿಕೊಳ್ಳುವುದು. ಮೂರನೆಯದು, ಶಿಷ್ಯರಂತೆಯೇ ಸಂಕೋಚವಿಲ್ಲದೆ ಅವರನ್ನು ಎಬ್ಬಿಸುವುದು. ನಾಲ್ಕನೆಯದು ನಮ್ಮ ಪ್ರಯತ್ನದಿಂದ ಬರುವಂಥದ್ದಲ್ಲ. ಮಾತು ತಾನಾಗಿ ನಿಂತಾಗ ಸುಮ್ಮನೆ ಕುಳಿತಿರುವುದು.

ಇದಕ್ಕೆ ಇಪ್ಪತ್ತು ನಿಮಿಷ ಸಾಕು. ಏಳು ವಚನಗಳಿಗಿಂತ ಹೆಚ್ಚು ಓದಬೇಕಾಗಿಯೂ ಇಲ್ಲ.

ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಚನವನ್ನು ದೇವರ ಉತ್ತರವೆಂದು ತಿಳಿಯಬಹುದೇ?

ಸಂತ ಅಗಸ್ಟೀನರು 386ರಲ್ಲಿ ಮಿಲಾನಿನ ತೋಟವೊಂದರಲ್ಲಿ "ತೆಗೆದುಕೊಂಡು ಓದು" ಎಂಬ ಮಗುವಿನ ದನಿ ಕೇಳಿ, ಪೌಲನ ಪತ್ರಗಳನ್ನು ತೆರೆದು, ರೋಮನರಿಗೆ ಬರೆದ ಪತ್ರದ ಹದಿಮೂರನೆಯ ಅಧ್ಯಾಯದ ಮಾತನ್ನು ಓದಿ ಪರಿವರ್ತಿತರಾದ ಕತೆಯನ್ನು ಇದಕ್ಕೆ ಸಮರ್ಥನೆಯಾಗಿ ಹೇಳುವವರಿದ್ದಾರೆ. ಆದರೆ ಆ ಕ್ಷಣದ ಹಿಂದೆ ವರ್ಷಗಳ ಓದು, ಸಂತ ಅಂಬ್ರೋಸರ ಪ್ರಬೋಧನೆಗಳು, ತಾಯಿ ಮೋನಿಕಳ ಕಣ್ಣೀರು ಇದ್ದವು. ಅವರು ತೆರೆದದ್ದು ತಾವು ಆಗಲೇ ಓದುತ್ತಿದ್ದ ಪುಸ್ತಕವನ್ನು. ಮನೆ ಕೊಳ್ಳಬೇಕೇ, ಸಂಬಂಧ ಒಪ್ಪಬೇಕೇ ಎಂಬ ಪ್ರಶ್ನೆ ಹಿಡಿದು ಬೆರಳಿಡುವುದು ಶಕುನ ನೋಡುವುದಕ್ಕೆ ಹತ್ತಿರವಾದ ಕೆಲಸ, ಮತ್ತು ಶಕುನ ನೋಡುವುದನ್ನು ಧರ್ಮಸಭೆ ಬೇಡವೆನ್ನುತ್ತದೆ. ಇನ್ನು ಮೊಬೈಲಿಗೆ ದಿನವೂ ಬರುವ ವಾಗ್ದಾನದ ವಚನಗಳ ವಿಷಯ: ಅದರಲ್ಲಿ ಕೆಟ್ಟದ್ದೇನಿಲ್ಲ, ಆದರೆ "ನಿನ್ನ ಶಿಲುಬೆಯನ್ನು ಹೊತ್ತುಕೊ" ಎಂಬ ವಚನವನ್ನು ಯಾರೂ ಹೂವಿನ ಚಿತ್ರದ ಮೇಲೆ ಬರೆದು ಕಳುಹಿಸಿದ್ದನ್ನು ನಾನು ಇನ್ನೂ ನೋಡಿಲ್ಲ.

ಹಳೆಯ ಒಡಂಬಡಿಕೆಯ ಹಿಂಸೆಯನ್ನು, ಶಾಪದ ಕೀರ್ತನೆಗಳನ್ನು ಏನೆಂದು ತಿಳಿಯಬೇಕು?

1965ರ ನವೆಂಬರ್ 18ರಂದು ಹೊರಬಂದ 'ದೇಯಿ ವೆರ್ಬುಂ' ಎಂಬ ಎರಡನೇ ವ್ಯಾಟಿಕನ್ ಮಹಾಸಭೆಯ ದಾಖಲೆ, ಬರೆದವರ ಉದ್ದೇಶವೇನು, ಅವರು ಬಳಸಿದ ಸಾಹಿತ್ಯ ಪ್ರಕಾರ ಯಾವುದು, ಅವರ ಕಾಲದ ರೀತಿನೀತಿಗಳೇನು ಎಂಬುದನ್ನು ಅರಿತು ಓದಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಕಾವ್ಯವನ್ನು ಕಾನೂನಿನಂತೆ, ದೃಷ್ಟಾಂತವನ್ನು ವರದಿಯಂತೆ ಓದಬಾರದು. 137ನೆಯ ಕೀರ್ತನೆ ಬಾಬಿಲೋನಿನ ನದಿಗಳ ಬಳಿ ಕುಳಿತು ಅತ್ತವರ ಹಾಡು. ಅದರ ಕೊನೆಯಲ್ಲಿ ಶತ್ರುವಿನ ಮಕ್ಕಳನ್ನು ಬಂಡೆಗೆ ಅಪ್ಪಳಿಸುವ ಮಾತಿದೆ. ಅದು ಊರು ಕಳೆದುಕೊಂಡವರ ಬಾಯಿಂದ ಬಂದ ಕೋಪ, ಮಾಡಬೇಕಾದ ಕೆಲಸದ ಆಜ್ಞೆಯಲ್ಲ. ಧರ್ಮಸಭೆ ತನ್ನ ದೈನಂದಿನ ಪ್ರಾರ್ಥನಾವಿಧಿಯಲ್ಲಿ ಆ ಕೊನೆಯ ವಚನಗಳನ್ನು ಬಿಟ್ಟಿದೆ. 58, 83, 109ನೆಯ ಕೀರ್ತನೆಗಳನ್ನು ಪೂರ್ತಿಯಾಗಿಯೇ ಬಿಟ್ಟಿದೆ. ಬಿಟ್ಟದ್ದು ಸರಿಯೇ ಎಂಬ ಚರ್ಚೆ ಇದೆ. ನನಗೇನೋ, ಅನ್ಯಾಯಕ್ಕೊಳಗಾದವರು ತಮ್ಮ ಕೋಪವನ್ನು ನೆರೆಯವನ ಮೇಲೆ ತೀರಿಸಿಕೊಳ್ಳುವ ಬದಲು ದೇವರ ಮುಂದೆ ಸುರಿಯಲು ಇಂಥ ಮಾತುಗಳು ಬೈಬಲಿನಲ್ಲಿ ಉಳಿದಿರುವುದೇ ಒಳ್ಳೆಯದೆನಿಸುತ್ತದೆ.

ಪ್ರಾರ್ಥನೆಗೆ ಕುಳಿತರೆ ಮನಸ್ಸು ಎಲ್ಲೆಲ್ಲೋ ಓಡುತ್ತದೆ, ಕೆಲವೊಮ್ಮೆ ನಿದ್ರೆಯೇ ಬಂದುಬಿಡುತ್ತದೆ.

ಆವಿಲದ ಸಂತ ತೆರೇಸರು, ಒಂದು ಕಾಲದಲ್ಲಿ ಪ್ರಾರ್ಥನೆಯ ಅವಧಿ ಮುಗಿಯುವ ಗಂಟೆಗಾಗಿಯೇ ಕಿವಿಗೊಟ್ಟು ಕಾಯುತ್ತಿದ್ದುದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. 24ರ ವಯಸ್ಸಿಗೆ ತೀರಿಕೊಂಡ ಲಿಸ್ಯುವಿನ ಸಂತ ತೆರೇಸರು ಧ್ಯಾನದ ಹೊತ್ತಿನಲ್ಲಿ ತೂಕಡಿಸುತ್ತಿದ್ದರು. ಮಕ್ಕಳು ಎಚ್ಚರವಿದ್ದಾಗಲೂ ನಿದ್ರಿಸುವಾಗಲೂ ತಾಯಿತಂದೆಗೆ ಅಷ್ಟೇ ಪ್ರಿಯರು ಎಂದು ಸಮಾಧಾನ ಮಾಡಿಕೊಂಡರು. ಇಬ್ಬರೂ ಧರ್ಮಸಭೆಯ ಪಂಡಿತರೆಂಬ ಬಿರುದು ಪಡೆದವರು. ಮನಸ್ಸು ಓಡಿದಾಗ ಅದನ್ನು ಬೈಯುತ್ತಾ ಕೂರಬೇಡಿ. ಅದು ಎಲ್ಲಿಗೆ ಓಡಿತೋ ಅದನ್ನೇ ಪ್ರಾರ್ಥನೆಯ ವಿಷಯ ಮಾಡಿಕೊಳ್ಳಿ. ಮಗಳ ಶುಲ್ಕದ ಕಡೆಗೆ ಓಡಿದ್ದರೆ ಶುಲ್ಕದ ಬಗ್ಗೆಯೇ ದೇವರ ಜೊತೆ ಮಾತಾಡಿ. ಫೋನನ್ನು ಮಾತ್ರ ಬೇರೆ ಕೋಣೆಯಲ್ಲಿಡಿ.

ಜಪಮಾಲೆ ಹೇಳುವುದು ಬೈಬಲ್ ಓದುವುದಕ್ಕೆ ಬದಲಿಯೇ?

ಬದಲಿಯಲ್ಲ, ಅದು ಬೈಬಲ್ ಓದಲು ಬಾರದವರಿಗೂ ಶುಭಸಂದೇಶವನ್ನು ಬಾಯಿಪಾಠವಾಗಿ ಕೊಟ್ಟ ದಾರಿ. ಮರಿಯಮ್ಮನವರಿಗೆ ಹೇಳುವ ಜಪದ ಮೊದಲರ್ಧ ಲೂಕನ ಮೊದಲ ಅಧ್ಯಾಯದ ಎರಡು ಮಾತುಗಳು: ದೂತನ ನಮಸ್ಕಾರ, ಎಲಿಜಬೇತಳ ಹೊಗಳಿಕೆ. "ಪಾಪಿಗಳಾದ ನಮಗಾಗಿ ಪ್ರಾರ್ಥಿಸಿ" ಎಂಬ ಉತ್ತರಾರ್ಧ ಇಂದಿನ ರೂಪದಲ್ಲಿ ಸ್ಥಿರವಾದದ್ದು 1568ರ ಪ್ರಾರ್ಥನಾಗ್ರಂಥದಲ್ಲಿ. ಜಪಮಾಲೆ ಹೇಳುವಾಗ ಧ್ಯಾನಿಸುವ ಪ್ರಸಂಗಗಳಿಗೆ ರಹಸ್ಯಗಳೆನ್ನುತ್ತಾರೆ. ಅವುಗಳಲ್ಲಿ ಬೆಳಕಿನ ರಹಸ್ಯಗಳನ್ನು ಪೋಪ್ ಎರಡನೇ ಜಾನ್ ಪೌಲರು 2002ರಲ್ಲಿ ಸೇರಿಸಿದ ಮೇಲೆ, ಯೇಸುಸ್ವಾಮಿಯ ಬಾಲ್ಯಕ್ಕೂ ಯಾತನೆಗೂ ನಡುವಿನ ಸಾರ್ವಜನಿಕ ಬದುಕಿಗೂ ಗುರುವಾರದ ಜಪದಲ್ಲಿ ಜಾಗ ಸಿಕ್ಕಿತು. ಪ್ರತಿ ರಹಸ್ಯಕ್ಕೆ ಮುಂಚೆ ಸಂಬಂಧಿಸಿದ ಎರಡು ವಚನಗಳನ್ನು ಓದಿ ಆರಂಭಿಸಿದರೆ ಎರಡರ ನಡುವಿನ ಜಗಳವೇ ಉಳಿಯುವುದಿಲ್ಲ. ಬಸ್ಸು ಹಿಡಿಯುವವರಂತೆ ಓಡಿಸಿಕೊಂಡು ಹೇಳುವ ನಮ್ಮ ಅಭ್ಯಾಸಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ.

ಪಾಳಿ ಕೆಲಸ. ಕುಟುಂಬದವರೆಲ್ಲ ಒಟ್ಟಿಗೆ ಕೂರುವುದೇ ಅಪರೂಪ. ಏನು ಮಾಡುವುದು?

ರಾತ್ರಿ ಪಾಳಿಯ ದಾದಿಯರಿಗೆ, ಟೆಕಿಗಳಿಗೆ ಸಂಜೆ ಏಳರ ಪ್ರಾರ್ಥನೆ ಎಂಬುದು ಅಜ್ಜಿಮನೆಯ ನೆನಪು ಮಾತ್ರ. ಅಂಥವರಿಗೆ ಸಂತ ಇಗ್ನೇಷಿಯಸ್ ಲೊಯೋಲರ ಆತ್ಮಶೋಧನೆಯ ಕ್ರಮ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಅದಕ್ಕೆ ಪುಸ್ತಕವೂ ಬೇಡ, ಜೊತೆಯೂ ಬೇಡ. ಕೆಲಸ ಮುಗಿಸಿ ಕ್ಯಾಬಿನಲ್ಲಿ ಕುಳಿತಾಗ ಹತ್ತು ನಿಮಿಷ: ಈ ದಿನ ಸಿಕ್ಕಿದ್ದಕ್ಕೆ ಕೃತಜ್ಞತೆ, ದಿನವನ್ನು ನೇರವಾಗಿ ನೋಡುವ ಬೆಳಕಿಗಾಗಿ ಬೇಡಿಕೆ, ಗಂಟೆ ಗಂಟೆಯಾಗಿ ದಿನದ ಅವಲೋಕನ, ತಪ್ಪಿದ್ದಕ್ಕೆ ಕ್ಷಮೆ, ನಾಳೆಗೊಂದು ನಿರ್ಧಾರ. ಸಾಧಾರಣವಾಗಿ ಜನ ಮೊದಲನೆಯದನ್ನು ಹಾರಿಸಿ ನಾಲ್ಕನೆಯದಕ್ಕೆ ಹೋಗುತ್ತಾರೆ, ಆಮೇಲೆ ಪ್ರಾರ್ಥನೆ ಎಂದರೆ ಬರೀ ಬೇಸರ ಎನ್ನುತ್ತಾರೆ.

ಮನೆಯಲ್ಲಿ ಕೊಂಕಣಿ, ದೇವಾಲಯದಲ್ಲಿ ಕನ್ನಡ, ಮಕ್ಕಳಿಗೆ ಇಂಗ್ಲಿಷ್. ಯಾವ ಭಾಷೆಯಲ್ಲಿ ಪ್ರಾರ್ಥಿಸಬೇಕು?

1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೆ ದಾರಿ ತೆರೆಯುವವರೆಗೆ ಬಲಿಪೂಜೆ ನಡೆಯುತ್ತಿದ್ದದ್ದು ಲ್ಯಾಟಿನ್‌ನಲ್ಲಿ; ನಮ್ಮ ಅಜ್ಜಿಯರು ಅರ್ಥವಾಗದ ಭಾಷೆಯ ಪೂಜೆಯಲ್ಲಿ ತಮ್ಮ ಭಾಷೆಯ ಜಪಮಾಲೆ ಎಣಿಸುತ್ತಾ ಕುಳಿತಿರುತ್ತಿದ್ದರು. ಬೈಬಲ್ ಮಾತ್ರ ಅದಕ್ಕೂ ಬಹಳ ಮುಂಚೆಯೇ ಕನ್ನಡಕ್ಕೆ ಬಂದಿತ್ತು: ಪ್ರೊಟೆಸ್ಟೆಂಟ್ ಮಿಷನರಿ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ ಬಳ್ಳಾರಿಯಲ್ಲಿ 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಹೊರಬಂತು. ಇಂದು ಆಯ್ಕೆ ಬೇಕಾದಷ್ಟಿದೆ, ಗೊಂದಲವೂ ಅಷ್ಟೇ ಇದೆ. ನೋವಾದಾಗ ಯಾವ ಭಾಷೆಯಲ್ಲಿ ಕೂಗುತ್ತೀರೋ ಆ ಭಾಷೆಯಲ್ಲಿ ಒಂಟಿಯಾಗಿ ಪ್ರಾರ್ಥಿಸಿ. ಸಮುದಾಯದ ಜೊತೆ ಸಮುದಾಯದ ಭಾಷೆಯಲ್ಲಿ ಪ್ರಾರ್ಥಿಸಿ. ಮಕ್ಕಳಿಗೆ ಮನೆಮಾತಿನ ಒಂದು ಜಪವನ್ನಾದರೂ ಬಾಯಿಪಾಠ ಮಾಡಿಸಿ. ಆಸ್ಪತ್ರೆಯ ಹಾಸಿಗೆಯ ಪಕ್ಕ ಕುಳಿತು ಅಜ್ಜನ ಜೊತೆ ಪ್ರಾರ್ಥಿಸಬೇಕಾದ ದಿನ ಅದು ಬೇಕಾಗುತ್ತದೆ.

ಮಕ್ಕಳಿಗೆ ನಂಬಿಕೆಯನ್ನು ದಾಟಿಸುವುದು ಹೇಗೆ?

ಕೈಗೆ ಏನಾದರೂ ಕೊಟ್ಟು. ಕರಾವಳಿಯ ಕೊಂಕಣಿ ಕಥೋಲಿಕರ ಮೊಂತಿ ಹಬ್ಬವನ್ನು ನೋಡಿ: ಸೆಪ್ಟೆಂಬರ್ 8ಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮಾತೆಯ ಪ್ರತಿಮೆಗೆ ಎರಚುತ್ತಾರೆ, ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಗೆ ಒಂದೊಂದು ಕೊಡುತ್ತಾರೆ, ಅದರ ಕಾಳು ಬಿಡಿಸಿ, ಹಾಲಿಗೋ ಪಾಯಸಕ್ಕೋ ಹಾಕಿ, ಪ್ರಾರ್ಥನೆಯ ನಂತರ ಎಲ್ಲರೂ ಒಂದೊಂದು ಗುಟುಕು ಸೇವಿಸುತ್ತಾರೆ. ಗೋಧಿಯ ಕಾಳು ಮಣ್ಣಿಗೆ ಬಿದ್ದು ಸಾಯದಿದ್ದರೆ ಎಂಬ ಯೊವಾನ್ನನ ಹನ್ನೆರಡನೆಯ ಅಧ್ಯಾಯದ ಮಾತನ್ನು, ಕೈಯಲ್ಲಿ ತೆನೆ ಹಿಡಿದ ಮಗುವಿಗೆ ವಿವರಿಸಲು ಐದು ನಿಮಿಷ ಸಾಕು. ತರಗತಿಯಲ್ಲಿ ಒಂದು ತಿಂಗಳು ಹಿಡಿದರೂ ಹಿಡಿಯಬಹುದು.

ಹರಕೆ, ನೊವೇನ ಇವೆಲ್ಲ ದೇವರ ಜೊತೆ ವ್ಯಾಪಾರವಲ್ಲವೇ?

ಆಗಬಹುದು, ಆಗಲೇಬೇಕೆಂದಿಲ್ಲ. ಒಂಬತ್ತು ದಿನಗಳ ಪ್ರಾರ್ಥನೆಯಾದ ನೊವೇನದ ಬೇರು ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯದಲ್ಲಿದೆ: ಯೇಸುಸ್ವಾಮಿಯ ಸ್ವರ್ಗಾರೋಹಣದ ನಂತರ, ಪವಿತ್ರಾತ್ಮರ ಆಗಮನದವರೆಗೆ, ಶಿಷ್ಯರು ಮರಿಯಮ್ಮನವರ ಜೊತೆ ಕಾದು ಪ್ರಾರ್ಥಿಸಿದ ದಿನಗಳು. ಅದು ಕಾಯುವ ಪ್ರಾರ್ಥನೆ. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ, ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಬೆಸಿಲಿಕಾದಲ್ಲಿ ಹಬ್ಬದ ದಿನ ಮೇಣದ ಬತ್ತಿ ಹಿಡಿದು ಸರದಿಯಲ್ಲಿ ನಿಂತವರಲ್ಲಿ ಕ್ರೈಸ್ತರಲ್ಲದವರೂ ಎಷ್ಟೋ ಮಂದಿ. ಅವರ ನಂಬಿಕೆಯನ್ನು ಹಗುರವಾಗಿ ನೋಡುವ ಹಕ್ಕು ನನಗಿಲ್ಲ. ಆದರೆ ಕೇಳಿದ್ದು ಸಿಗದಿದ್ದಾಗ ಸಂತರನ್ನೇ ಬದಲಾಯಿಸುವವರು, ಮುಳ್ಳಿನಂತೆ ತನ್ನನ್ನು ಕಾಡುತ್ತಿದ್ದ ಸಂಕಟವನ್ನು ತೆಗೆಯೆಂದು ಮೂರು ಸಲ ಬೇಡಿಕೊಂಡ ಪೌಲನಿಗೆ ಸಿಕ್ಕ ಉತ್ತರವನ್ನು (2 ಕೊರಿಂಥ 12:8-9) ಒಮ್ಮೆ ಓದಬೇಕು. ಮುಳ್ಳು ಹೋಗಲಿಲ್ಲ.

ಪಕ್ಕದ ಮನೆಯವರ ಹಬ್ಬಕ್ಕೆ ಹೋಗಬಹುದೇ? ಪ್ರಸಾದ ಕೊಟ್ಟರೆ?

ಹೋಗಬಹುದು, ಹೋಗಬೇಕು. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಎರಡನೇ ವ್ಯಾಟಿಕನ್ ಮಹಾಸಭೆಯ 1965ರ ದಾಖಲೆ 'ನೋಸ್ತ್ರಾ ಏತಾತೆ' ಹೇಳಿದೆ. ದೀಪಾವಳಿಗೆ ವ್ಯಾಟಿಕನ್ನಿನಿಂದಲೇ ಪ್ರತಿವರ್ಷ ಶುಭಾಶಯ ಸಂದೇಶ ಬರುತ್ತದೆ. ಹೋಳಿಗೆ ಊಟಕ್ಕೂ ಪೂಜೆಯಲ್ಲಿ ಪಾಲ್ಗೊಳ್ಳುವುದಕ್ಕೂ ವ್ಯತ್ಯಾಸವಿದೆ. ಎರಡನೆಯದು ಆರಾಧನೆ, ಅದು ನಮ್ಮದಲ್ಲ. ಪ್ರಸಾದದ ಪ್ರಶ್ನೆಗೆ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೆಯ ಅಧ್ಯಾಯಗಳನ್ನು ಒಟ್ಟಿಗೆ ಓದಬೇಕು. ವಿಗ್ರಹ ಏನೂ ಅಲ್ಲವೆಂದು ಅವನು ಹೇಳುತ್ತಾನೆ; ಆದರೆ ಅವನ ಚಿಂತೆಯೆಲ್ಲ ತಿನ್ನುವುದನ್ನು ನೋಡಿ ಎಡವುವ ಸಹೋದರನ ಮನಸ್ಸಾಕ್ಷಿಯ ಮೇಲೆ. ಈ ವಿಷಯದಲ್ಲಿ ಗುರುಗಳಲ್ಲೂ ಒಂದೇ ಅಭಿಪ್ರಾಯವಿಲ್ಲ, ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕೇಳಿ. ಕೊಡುವವರ ಮುಂದೆ ಮುಖ ಸಿಂಡರಿಸುವುದನ್ನಂತೂ ಪೌಲನು ಎಲ್ಲೂ ಕಲಿಸಿಲ್ಲ.

ಕ್ರೈಸ್ತರಲ್ಲಿ ಜಾತಿ ಇದೆಯೇ?

ಇರಬಾರದು. ಇದೆ. ಮದುವೆಯ ಮಾತುಕತೆಗೆ ಕುಳಿತ ಎಷ್ಟು ಕಥೋಲಿಕ ಮನೆಗಳಲ್ಲಿ "ಅವರು ಯಾವ ಕಡೆಯವರು" ಎಂಬ ಪ್ರಶ್ನೆ ತಗ್ಗಿದ ದನಿಯಲ್ಲಿ ಬರುತ್ತದೆ ಎಂಬುದು ನಮಗೆಲ್ಲ ಗೊತ್ತು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ, ಧರ್ಮಸಭೆಯೊಳಗೂ ಜಾತಿಭೇದವಿದೆ ಎಂದು ಒಪ್ಪಿಕೊಂಡೇ, 2016ರ ಡಿಸೆಂಬರಿನಲ್ಲಿ ದಲಿತರ ಸಬಲೀಕರಣದ ಕಾರ್ಯನೀತಿಯನ್ನು ಹೊರತಂದಿತು. ಯಕೋಬನ ಪತ್ರದ ಎರಡನೆಯ ಅಧ್ಯಾಯದಲ್ಲಿ ಚಿನ್ನದ ಉಂಗುರ ತೊಟ್ಟವನಿಗೆ ಒಳ್ಳೆಯ ಆಸನ, ಬಡವನಿಗೆ "ಅಲ್ಲಿ ನಿಲ್ಲು" ಎಂಬ ಮಾತು ಬರುತ್ತದಲ್ಲ, ಅದನ್ನು ವಾಚಿಸಿದ ಭಾನುವಾರ ದೇವಾಲಯದಲ್ಲಿ ಯಾರು ಎಲ್ಲಿ ಕುಳಿತಿದ್ದಾರೆಂದು ಒಮ್ಮೆ ಹಿಂತಿರುಗಿ ನೋಡಿ. ಬೈಬಲ್ ಓದು ನಮ್ಮಲ್ಲಿ ಫಲ ಕೊಟ್ಟಿದೆಯೇ ಇಲ್ಲವೇ ಎಂಬುದನ್ನು ಅಳೆಯಲು ಇದಕ್ಕಿಂತ ನೇರವಾದ ಅಳತೆ ನನಗೆ ತಿಳಿದಿಲ್ಲ.

ಹತ್ತು ವರ್ಷದಿಂದ ಪಾಪನಿವೇದನೆ ಮಾಡಿಲ್ಲ. ಹೇಗೆ ಆರಂಭಿಸಲಿ?

"ಹತ್ತು ವರ್ಷವಾಯಿತು, ಕ್ರಮ ಮರೆತಿದೆ" ಎಂದೇ ಆರಂಭಿಸಿ. ಉಳಿದದ್ದಕ್ಕೆ ಗುರುಗಳು ನೆರವಾಗುತ್ತಾರೆ. ಗಂಭೀರ ಪಾಪಗಳಿದ್ದರೆ ವರ್ಷಕ್ಕೊಮ್ಮೆಯಾದರೂ ನಿವೇದಿಸಬೇಕೆಂಬುದು ನಿಯಮ. ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಯಾರಿಗೂ ಹೇಳುವಂತಿಲ್ಲ.

ಮೊಬೈಲಿನಲ್ಲಿ ಬಲಿಪೂಜೆ ನೋಡಿದರೆ ಸಾಲದೇ?

ಕಾಯಿಲೆಯವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಅದು ಸಾಂತ್ವನ, ಅವರ ಮೇಲೆ ಭಾನುವಾರದ ಕಟ್ಟುಪಾಡೂ ಇಲ್ಲ. ಉಳಿದವರಿಗೆ ಸಾಲದು. ಬಲಿಪೂಜೆಯಲ್ಲಿ ಕೊಡುವ ಪರಮಪ್ರಸಾದವನ್ನು ಪರದೆಯ ಮೂಲಕ ಸ್ವೀಕರಿಸಲು ಬರುವುದಿಲ್ಲ.

ಹರಿದ ಬೈಬಲ್, ತುಂಡಾದ ಜಪಮಾಲೆ, ಹಳೆಯ ಗರಿ ಇವನ್ನು ಏನು ಮಾಡಬೇಕು?

ಕಸದ ಬುಟ್ಟಿಗೆ ಹಾಕಬೇಡಿ. ಆಶೀರ್ವದಿಸಿದ ವಸ್ತುಗಳನ್ನು ಗೌರವದಿಂದ ಸುಡುವುದು ಅಥವಾ ಮಣ್ಣಿನಲ್ಲಿ ಹೂಳುವುದು ರೂಢಿ. ಅಂಗಳವಿರುವವರು ಗಿಡದ ಬುಡದಲ್ಲಿ ಹೂಳಬಹುದು, ಅಪಾರ್ಟ್‌ಮೆಂಟಿನವರು ಧರ್ಮಕೇಂದ್ರದ ಕಚೇರಿಗೆ ಕೊಡಬಹುದು. ಬೈಬಲಿನ ರಟ್ಟು ಮಾತ್ರ ಕಿತ್ತಿದ್ದರೆ ಬೈಂಡಿಂಗ್ ಮಾಡಿಸಿ, ಅಂಚಿನಲ್ಲಿ ಅಮ್ಮ ಬರೆದ ದಿನಾಂಕಗಳು ಹೊಸ ಪ್ರತಿಯಲ್ಲಿ ಸಿಗುವುದಿಲ್ಲ. ಗರಿಗಳ ಭಾನುವಾರ ತಂದು ಶಿಲುಬೆಯ ಹಿಂದೆ ಸಿಕ್ಕಿಸಿದ ಗರಿಯನ್ನು ಮುಂದಿನ ವರ್ಷ ತಪಸ್ಸುಕಾಲ ಆರಂಭವಾಗುವ ಮುಂಚಿನ ಭಾನುವಾರ ದೇವಾಲಯಕ್ಕೆ ಹಿಂದಿರುಗಿಸಿ. ಅದನ್ನು ಸುಟ್ಟ ಬೂದಿಯನ್ನೇ ಬುಧವಾರ ನಿಮ್ಮ ಹಣೆಗೆ ಹಚ್ಚುತ್ತಾರೆ.